ಒಂದು ಪದಕ್ಕೆ ಮೂರು ಪಿರಿಯಡ್

ಅವರು ತೀರಿಕೊಂಡು ಎರಡು ತಿಂಗಳಾಯಿತು. ಈಗಲೂ ಯಾರಾದರೂ ನನ್ನೆದುರು ಅವರನ್ನು ಹೊಗಳಿದರೆ ಒಳಗೆ ಸಣ್ಣಗೆ ಉರಿಯುತ್ತದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡಿನ ಕೆಲಸ, ಗೊತ್ತು. ಆದರೆ ಹನ್ನೊಂದು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ, ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು ಸಾಕಿಕೊಂಡ ಉರಿ ಅದು. ಅದನ್ನು ಬಿಟ್ಟು ಅವರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಬೆಳಗಾವಿಯ ಕ್ಯಾಂಪಿನಲ್ಲಿರುವ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾವಿಬ್ಬರೂ ಇಂಗ್ಲಿಷ್ ಕಲಿಸುತ್ತಿದ್ದೆವು. ನಾನು ಕ್ಯಾಂಪಿನಲ್ಲೇ, ಕಾನ್ವೆಂಟಿನಲ್ಲಿ ಓದಿದವಳು. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಹಣೆಗೆ ವಿಭೂತಿ ಹಚ್ಚಿಕೊಂಡು ಗದ್ದಿಗೆಯ ಮೇಲೆ ಕೂರುತ್ತಿದ್ದ ಅವರು, ಗಿರಾಕಿಗಳೆದುರು ನನ್ನಿಂದ ಇಂಗ್ಲಿಷ್ ಪೇಪರ್ ಓದಿಸುತ್ತಿದ್ದರು. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂಬುದು ನಮ್ಮ ಮನೆಯಲ್ಲಿ ಒಂದು ಆಸ್ತಿಯ ಹಾಗೆ ಇತ್ತು. ಆ ಆಸ್ತಿಗೆ ಪಾಲುದಾರರು ಬರಬಹುದೆಂದು ನಾನು ಯೋಚಿಸಿರಲೇ ಇಲ್ಲ.

ಅವರು ಬಂದದ್ದು ಒಂದು ಜೂನ್ ತಿಂಗಳಲ್ಲಿ. ಖಾನಾಪುರದಿಂದ ಬೆಳಗಿನ ಪ್ಯಾಸೆಂಜರ್ ಹಿಡಿಯುತ್ತಿದ್ದರು. ಎದುರಿನ ಗಾಡಿಗೆ ದಾರಿ ಬಿಡಲು ದೇಸೂರಿನಲ್ಲಿ ರೈಲು ನಿಂತರೆ, ನಿಂತಷ್ಟು ಹೊತ್ತೂ ಪಾಠದ ತಯಾರಿ. ಸ್ಟೇಷನ್ನಿನಿಂದ ಶಾಲೆಗೆ ನಡಿಗೆ. ಮಳೆಗಾಲದಲ್ಲಿ ಸೀರೆ ಮೊಣಕಾಲಿನ ತನಕ ಒದ್ದೆಯಾಗಿರುತ್ತಿತ್ತು. ಹೆಗಲಿನ ರೆಕ್ಸಿನ್ ಬ್ಯಾಗು ಮಾತ್ರ ಒಣಗಿರುತ್ತಿತ್ತು, ಏಕೆಂದರೆ ಕೊಡೆಯನ್ನು ಅವರು ಬ್ಯಾಗಿಗೆ ಹಿಡಿಯುತ್ತಿದ್ದರು. ಅದರೊಳಗೆ ಹಳೆಯ ಪತ್ತಲದ ತುಂಡಿನಲ್ಲಿ ಸುತ್ತಿದ ದಪ್ಪನೆಯ ಡಿಕ್ಷನರಿ ಇತ್ತು.

ಖಾನಾಪುರದ ಆಚೆ ಕಾಡಿನಂಚಿನಲ್ಲಿ ಎಮ್ಮೆ ಸಾಕುವವರ ಒಂದು ಗೌಳಿವಾಡೆ ಅವರ ತವರು. ಅವ್ವ ತುಪ್ಪದ ಗಡಿಗೆ ತಲೆಯ ಮೇಲಿಟ್ಟುಕೊಂಡು ಸಂತೆಗೆ ನಡೆದವರು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಅವರಿಗೆ ಮೂರನೆಯ ಭಾಷೆ. ಗಂಡ ಖಾನಾಪುರದ ಅಂಚೆ ಕಚೇರಿಯಲ್ಲಿ ನೌಕರರು. ಮಕ್ಕಳಿರಲಿಲ್ಲ. ಇಷ್ಟನ್ನೂ ಅವರೇ ಮೊದಲ ದಿನ, ನಾನು ಕೇಳುವ ಮೊದಲೇ, ಡಬ್ಬಿ ಬಿಚ್ಚುತ್ತಾ ಹೇಳಿ ಮುಗಿಸಿದ್ದರು. ಮುಚ್ಚಿಡುವಂಥದು ಏನೂ ಇಲ್ಲದವರನ್ನು ಕಂಡರೆ ನನಗೆ ಆಗಲೂ ಅಸೂಯೆಯೇ.

ಶಾಲೆಯಲ್ಲಿ ನಮ್ಮನ್ನೆಲ್ಲ ಹುಡುಗಿಯರು ಮೇಡಂ ಎನ್ನುತ್ತಿದ್ದರು. ಅವರು ಮಾತ್ರ ಕ್ಲಾಸಿಗೆ ಹೋದವರೇ, ನನಗೆ ಅಕ್ಕೋರು ಅಂದರೆ ಸಾಕು ಅಂದರಂತೆ. ಹಳ್ಳಿಯ ಶಾಲೆಗಳಲ್ಲಿ ಕರೆಯುವ ಹೆಸರು ಅದು. ಇಂಗ್ಲಿಷ್ ಟೀಚರ್ ಒಬ್ಬರು ಅಕ್ಕೋರು ಎನಿಸಿಕೊಳ್ಳುವುದು ಕ್ಯಾಂಪಿನಲ್ಲಿ ನಡೆಯುವ ಮಾತಲ್ಲ ಎಂದು ನಾನು ಒಳಗೊಳಗೇ ನಕ್ಕೆ. ವಾರದೊಳಗೆ ಇಡೀ ಶಾಲೆ ಅವರನ್ನು ಹಾಗೆ ಕರೆಯುತ್ತಿತ್ತು, ಗೇಟಿನ ವಾಚ್‌ಮನ್ ಕೂಡ. ನಾನು ಇಪ್ಪತ್ತು ವರ್ಷ ಮೇಡಂ ಆಗಿಯೇ ಉಳಿದೆ.

ಅವರ ಪಾಠದ ರೀತಿ ವಿಚಿತ್ರವಾಗಿತ್ತು. ಹೊಸ ಪದ ಬಂದರೆ ಅರ್ಥ ಬರೆಸುತ್ತಿರಲಿಲ್ಲ. ಸೀಸದ ಕಡ್ಡಿಯನ್ನು ಬಡಗಿ ಇಟ್ಟುಕೊಳ್ಳುವ ಹಾಗೆ ಸೀಮೆಸುಣ್ಣದ ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, "ಇದರ ತವರಮನಿ ಯಾವುದು?" ಎಂದು ಕೇಳುತ್ತಿದ್ದರು. ಪದವೊಂದು ಯಾವ ದೇಶದಲ್ಲಿ ಹುಟ್ಟಿತು, ಯಾವ ಮನೆಗೆ ಸೊಸೆಯಾಗಿ ಬಂತು, ಬಂದ ಮೇಲೆ ಹೆಸರು ಹೇಗೆ ಬದಲಾಯಿತು ಎಂದು ಹುಡುಗಿಯರು ಊಹಿಸಬೇಕು. ಯಾರಾದರೂ ಸರಿಯಾಗಿ ಹೇಳಿದರೆ ಅವರು "ಖರೇ?" ಎನ್ನುತ್ತಿದ್ದರು. ನಿಜವೇ ಎಂದು ನಾವು ಅನುಮಾನಕ್ಕೆ ಬಳಸುವ ಆ ಮಾತನ್ನು ಅವರು ಸಂತೋಷಕ್ಕೆ ಬಳಸುತ್ತಿದ್ದರು. ಆ ಒಂದು 'ಖರೇ'ಗಾಗಿ ಹುಡುಗಿಯರು ಲೈಬ್ರರಿಯಲ್ಲಿ ಡಿಕ್ಷನರಿಗೆ ಜಗಳವಾಡುವುದನ್ನು ನಾನು ಕಂಡಿದ್ದೇನೆ.

ಅವರ ಉಚ್ಚಾರ ಸರಿ ಇರಲಿಲ್ಲ. ನನಗೆ ಸಿಕ್ಕ ಒಂದೇ ಒಂದು ಹಿಡಿ ಅದು. ಅನುಮಾನಕ್ಕೆ ಇಂಗ್ಲಿಷಿನಲ್ಲಿ 'ಡೌಟ್' ಎನ್ನುತ್ತೇವಲ್ಲ, ಅದರ ಸ್ಪೆಲಿಂಗಿನಲ್ಲಿ ಒಂದು 'ಬಿ' ಇದೆ. ಅವರು ಅದನ್ನು ಸೇರಿಸಿ 'ಡೌಬ್ಟ್' ಎನ್ನುತ್ತಿದ್ದರು. ಒಂದು ದಿನ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಾನು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಅದನ್ನು ತಿದ್ದಿದೆ. ಅವರ ಮುಖ ಕೆಂಪಾಗುತ್ತದೆ ಎಂದುಕೊಂಡಿದ್ದೆ. ಅವರು ಪುಸ್ತಕದಲ್ಲಿ ಬರೆದುಕೊಂಡರು. ಮರುದಿನ ಬಂದು, "ನೀವು ಹೇಳಿದ್ದ ಖರೇ ರೀ. ಆ ಬಿ ಮೊದಲ ಇರಲಿಲ್ಲಂತ. ಪಂಡಿತರು ಲ್ಯಾಟಿನ್ ನೋಡಿ ಆಮ್ಯಾಲೆ ತಂದು ಕುಂದರಿಸ್ಯಾರ" ಎಂದರು. ಅಷ್ಟೇ ಅಲ್ಲ, ಕ್ಲಾಸಿನಲ್ಲಿ ನನ್ನ ಹೆಸರು ಹೇಳಿ, ಈ ತಪ್ಪನ್ನು ನನಗೆ ತಿದ್ದಿದವರು ಆ ಮೇಡಂ, ಅವರಿಂದ ನನಗೆ ಇಷ್ಟು ಗೊತ್ತಾಯಿತು ಎಂದರಂತೆ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ನನಗೆ ಆ ಬಿ ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ಆ ದಿನ ಮನೆಗೆ ಹೋಗುವಾಗ ಸ್ಕೂಟರಿನ ಮೇಲೆ ಹಲ್ಲು ಕಚ್ಚಿಕೊಂಡೇ ಹೋದೆ.

ಅವರು ನನ್ನ ಜತೆ ಒಳ್ಳೆಯವರಾಗಿಯೇ ಇದ್ದರು. ಅದೂ ಒಂದು ತೊಂದರೆ. ಒಮ್ಮೆ ನಾನು ಪೇಪರ್ ತಿದ್ದಿ ತಿದ್ದಿ ಸುಸ್ತಾಗಿ ತಲೆ ಹಿಡಿದು ಕೂತಾಗ ಬಂದು ಅರ್ಧ ಕಟ್ಟು ಎತ್ತಿಕೊಂಡರು. ತಲೆಯ ಮೇಲೆ ಎಷ್ಟಿದೆ ಅನ್ನುವುದಕ್ಕಿಂತ ಕೆಳಗಿನ ಸಿಂಬಿ ಸರಿ ಇದೆಯೋ ಇಲ್ಲವೋ ನೋಡಬೇಕೆಂದು ತಮ್ಮ ಅವ್ವ ಹೇಳುತ್ತಿದ್ದರಂತೆ. ಕೊಡ ಹೊರುವ ಹೆಂಗಸರು ತಲೆಯ ಮೇಲೆ ಸುತ್ತಿಟ್ಟುಕೊಳ್ಳುವ ಬಟ್ಟೆಯ ಬಳೆ, ಅದೇ ಸಿಂಬಿ. ನನ್ನ ಮನೆಯಲ್ಲಿ ಯಾರೂ ತಲೆಯ ಮೇಲೆ ಹೊತ್ತವರಲ್ಲ ಎಂದು ಹೇಳಬೇಕೆನಿಸಿತು. ಪೇಪರ್ ಕೊಟ್ಟೆ.

ಇನ್ನು ನನ್ನ ಮಗಳು ನೀಲಾಳ ವಿಷಯ.

ನಾನು ಮದುವೆಯಾದ ಹೊಸದರಲ್ಲಿ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೆಸರು ಹಚ್ಚಿದ್ದೆ. ನೀಲಾ ಹುಟ್ಟಿದಳು, ಅದು ಅಲ್ಲಿಗೇ ನಿಂತಿತು. ಗಂಡನ ನೌಕರಿ ಬಳ್ಳಾರಿಯಲ್ಲಿ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಹಗಲೆಲ್ಲ ಶಾಲೆ. ಮಗಳು ಹಟ ಮಾಡಿದಾಗ, ಮಾರ್ಕ್ಸ್ ಕಡಿಮೆ ತಂದಾಗ, ಅಕ್ಕನ ಜತೆ ಫೋನಿನಲ್ಲಿ ಮಾತಾಡುವಾಗ ನನ್ನ ಬಾಯಲ್ಲಿ ಒಂದೇ ಮಾತು ಬರುತ್ತಿತ್ತು: "ಇಕಿ ಸಲವಾಗಿ ನಾ ಧಾರವಾಡ ಬಿಟ್ಟೆ." ಅದನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೇಳಿ ಹೇಳಿ ಅದು ಮನೆಯ ಗೋಡೆಯ ಗಡಿಯಾರದ ಹಾಗೆ ಆಗಿತ್ತು. ಸದ್ದು ನನಗೆ ಕೇಳುತ್ತಲೇ ಇರಲಿಲ್ಲ.

ನೀಲಾ ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಒಂಬತ್ತನೆಯ ತರಗತಿಗೆ ಬಂದಾಗ, ತಾಯಿ ಮಗಳಿಗೆ ಕಲಿಸುವುದು ಬೇಡವೆಂದು ಹೆಡ್‌ಮಿಸ್ಟ್ರೆಸ್ ಅವಳನ್ನು ಅಕ್ಕೋರ ವಿಭಾಗಕ್ಕೆ ಹಾಕಿದರು. ಮಾತಿಗಿಂತ ಮೌನ ಹೆಚ್ಚು ಇದ್ದ ಹುಡುಗಿ ಅವಳು. ನಾನು ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಆ ವರ್ಷ ದಸರೆ ಬರುವಷ್ಟರಲ್ಲಿ ಊಟದ ತಾಟಿನ ಮುಂದೆ ಮಾತು ಶುರುವಾಯಿತು. ಮಾತೆಲ್ಲ ಅಕ್ಕೋರದ್ದೇ. ಅಕ್ಕೋರು ಹೀಗೆ ಹೇಳಿದ್ದಾರೆ, ಅಕ್ಕೋರಿಗೆ ಇದು ಇಷ್ಟ, ಈ ಪದ ಪೋರ್ಚುಗೀಸರ ಜತೆ ಗೋವೆಗೆ ಬಂದು ಅಲ್ಲಿಂದ ಘಾಟ್ ಹತ್ತಿ ನಮ್ಮ ಅಡುಗೆಮನೆಗೆ ಬಂದಿದ್ದು. ಹದಿನಾಲ್ಕು ವರ್ಷ ನಾನು ಕಾದ ಮಾತು ಅವಳ ಬಾಯಿಂದ ಬರುತ್ತಿತ್ತು, ಆದರೆ ಅದು ಇನ್ನೊಬ್ಬಳ ಮಾತಾಗಿತ್ತು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾಲ್ಕು ಹುಡುಗಿಯರು ಅಕ್ಕೋರ ಜತೆ ಖಾನಾಪುರಕ್ಕೆ ಹೋದರು. ನೀಲಾಳೂ ಹೋದಳು. ಸಂಜೆಯ ಗಾಡಿಗೆ ಅಕ್ಕೋರ ಯಜಮಾನರೇ ಅವರನ್ನು ಬೆಳಗಾವಿಯ ತನಕ ತಂದು ಬಿಟ್ಟರು. ಮನೆಯಲ್ಲಿ ಪಲ್ಯ ಕಂಡರೆ ಮುಖ ಸಿಂಡರಿಸುವ ನನ್ನ ಮಗಳು ಅಲ್ಲಿ ಅಕ್ಕಿ ಭಾಕರಿ, ಕೆಸುವಿನ ಎಲೆಯ ಪಲ್ಯ ತಿಂದು ಬಂದಿದ್ದಳು. ಮಲಪ್ರಭೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರಂತೆ. ಪಲ್ಯ ಹೇಗೆ ಮಾಡಿದ್ದರು ಎಂದು ಕೇಳಿದೆ. "ನಿನಗ ಬರೂದಿಲ್ಲ ಬಿಡು ಮಮ್ಮಿ" ಎಂದಳು. ಮಕ್ಕಳು ಹಾಗೆ ಅನ್ನುತ್ತವೆ. ನಾನು ಮಾತ್ರ ಅದನ್ನು ಮರೆಯಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ ಅದು. ನಾನು ಹತ್ತನೆಯವರಿಗೆ ಬೋರ್ಡ್ ಪರೀಕ್ಷೆಗೆ ಉಜ್ಜುತ್ತಿದ್ದೆ. ಪಕ್ಕದ ಕೋಣೆ ಅಕ್ಕೋರ ಒಂಬತ್ತನೆಯ ತರಗತಿ. ಸೋಮವಾರ ಗೋಡೆಯಾಚೆಯಿಂದ ನಗು ಕೇಳಿತು, ಮಂಗಳವಾರ ವಾದ, ಬುಧವಾರ ಹಾಡು. ಇಡೀ ಕ್ಲಾಸು ಹಾಡುತ್ತಿತ್ತು. ಬೀಸುವ ಕಲ್ಲಿನ ಮುಂದೆ ಕೂತು ಹೇಳುವ ಧಾಟಿ. ಒಬ್ಬೊಬ್ಬ ಹುಡುಗಿ ತನ್ನದೊಂದು ಸಾಲು ಕಟ್ಟುತ್ತಿದ್ದಳು, ಪ್ರತಿ ಸಾಲಿಗೂ ಎಲ್ಲರೂ ಒಂದೇ ಮಾತಿಗೆ ತಿರುಗಿ ಬರುತ್ತಿದ್ದರು. ನನ್ನ ಹುಡುಗಿಯರ ಪೆನ್ನುಗಳು ನಿಂತವು. ಕೆಲವರ ತಲೆ ತೂಗುತ್ತಿತ್ತು. ಆ ಧ್ವನಿಗಳ ನಡುವೆ ನೀಲಾಳ ಧ್ವನಿ ಕೇಳಿತು. ನನ್ನ ಮಗಳಿಗೆ ಹಾಡಲು ಬರುತ್ತದೆಂದು ನನಗೆ ಗೊತ್ತಾದದ್ದು ಇಟ್ಟಿಗೆ ಗೋಡೆಯ ಮೂಲಕ.

ವಿಚಾರಿಸಿದೆ. ಮೂರು ದಿನ, ಮೂರು ಪಿರಿಯಡ್, ಒಂದೇ ಪದಕ್ಕೆ: 'ಬರ್ಡನ್'. ಹೊರೆ, ಭಾರ ಎಂದು ಎರಡು ಶಬ್ದ ಬರೆಸಿದ್ದರೆ ಮುಗಿಯುತ್ತಿತ್ತು. ಅದೇ ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್‌ಗೆ ಬರೆದು ಕೊಟ್ಟೆ. ಪಾಠ ಹಿಂದೆ ಬಿದ್ದಿದೆ, ಪಕ್ಕದ ಕ್ಲಾಸಿಗೆ ತೊಂದರೆ, ಒಂದು ಪದಕ್ಕೆ ಮೂರು ಪಿರಿಯಡ್ ಎಂದು ಬರೆದೆ. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಿದ್ದೆ.

ಮರುದಿನ ನಮ್ಮಿಬ್ಬರನ್ನೂ ಕರೆಸಿದರು. ಹೆಡ್‌ಮಿಸ್ಟ್ರೆಸ್ ಕಟ್ಟುನಿಟ್ಟಿನ ಹೆಂಗಸು, ಆದರೆ ಅನ್ಯಾಯದವರಲ್ಲ. ಇದಕ್ಕೆ ಕಾರಣವೇನೆಂದು ಅಕ್ಕೋರನ್ನು ಶಾಂತವಾಗಿಯೇ ಕೇಳಿದರು. ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಒಂದು ಹುಡುಗಿಗೆ ಬೇಕಾಗಿತ್ತುರೀ," ಎಂದರು.

ಯಾವ ಹುಡುಗಿಗೆ, ಯಾಕೆ ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು.

"ಅದನ್ನ ಹೇಳಾಕ ಬರೂದಿಲ್ಲರೀ."

ಇಷ್ಟು ಹೊತ್ತೂ ಅವರು ನನ್ನ ಕಡೆ ನೋಡಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡೆ. ಹೇಳುವುದಿಲ್ಲ ಎಂಬ ಉತ್ತರವನ್ನು ಹೆಡ್‌ಮಿಸ್ಟ್ರೆಸ್ ಉದ್ಧಟತನವೆಂದು ತಿಳಿದರು. ಆ ವಾರವೇ ಅಕ್ಕೋರ ಒಂಬತ್ತನೆಯ ತರಗತಿಯನ್ನು ನನಗೆ ಕೊಟ್ಟು, ಅವರನ್ನು ಕೆಳಗಿನ ಮಹಡಿಗೆ, ಐದನೆಯ ತರಗತಿಯ ಮಕ್ಕಳಿಗೆ ಹಾಕಿದರು. ತಾಯಿ ಮಗಳಿಗೆ ಕಲಿಸಬಾರದೆಂಬ ನಿಯಮ ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು.

ತರಗತಿ ವಹಿಸಿಕೊಡುವಾಗ ಅವರು ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟನ್ನು ಕೊಟ್ಟರು. ಎಣಿಸಿದೆ, ಒಂದು ಕಡಿಮೆ ಇತ್ತು. ನೀಲಾಳದೇ ಇರಲಿಲ್ಲ. ಅದು ತಮ್ಮ ಕೈಯಲ್ಲಿ ಕಳೆದುಹೋಯಿತು, ಮಾರ್ಕ್ಸ್ ರಿಜಿಸ್ಟರಿನಲ್ಲಿ ಇದೆ ಎಂದರು. ಉತ್ತರ ಪತ್ರಿಕೆ ಕಳೆಯುವುದೆಂದರೆ ನಮ್ಮಲ್ಲಿ ದೊಡ್ಡ ತಪ್ಪು. ಬಾಯಿಮಾತು ಸಾಲದು, ಬರೆದು ಕೊಡಿ ಎಂದೆ. ಕೊಟ್ಟರು. ನನ್ನ ನಿರ್ಲಕ್ಷ್ಯದಿಂದ ಒಂದು ಪತ್ರಿಕೆ ಕಳೆದಿದೆ ಎಂದು ಬರೆದು, ಕೆಳಗೆ ಸಹಿ ಹಾಕಿದರು. ನಾನು ಅದನ್ನು ಆಫೀಸಿಗೆ ಮುಟ್ಟಿಸಿದೆ.

ಹೀಗೆ ನಾನು ಗೆದ್ದೆ. ನೀಲಾ ನನ್ನ ಕ್ಲಾಸಿನಲ್ಲಿ ಎರಡನೆಯ ಬೆಂಚಿನಲ್ಲಿ ಕೂತಳು. ಒಂದೂವರೆ ವರ್ಷ, ಹತ್ತನೆಯದು ಮುಗಿಯುವ ತನಕ, ಒಂದು ಸಲವೂ ಕೈ ಎತ್ತಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ಸರಿಯಾದ ಉತ್ತರ ಹೇಳಿ ಕೂರುತ್ತಿದ್ದಳು. ಮನೆಯಲ್ಲಿ ಮತ್ತೆ ಹೂಂ, ಉಹೂಂ. ಊಟದ ಬಿಡುವಿನಲ್ಲಿ ನೋಡಿದರೆ, ಅವಳೂ ಅವಳ ಗೆಳತಿಯರೂ ಕೆಳಗಿನ ಮಹಡಿಯ ಮೆಟ್ಟಿಲ ಮೇಲೆ, ಐದನೆಯ ತರಗತಿಯ ಚಿಕ್ಕ ಮಕ್ಕಳ ನಡುವೆ ಅಕ್ಕೋರ ಸುತ್ತ ಕೂತಿರುತ್ತಿದ್ದರು. ಅವರನ್ನು ಕೆಳಗೆ ಇಳಿಸಿದ್ದೆ. ಶಾಲೆ ಅವರ ಹಿಂದೆ ಇಳಿದು ಹೋಗಿತ್ತು.

ಅಕ್ಕೋರು ನಿವೃತ್ತರಾಗುವವರೆಗೆ ಐದರಿಂದ ಏಳನೆಯ ತರಗತಿಗಳಲ್ಲೇ ಉಳಿದರು. ನನ್ನನ್ನು ಕಂಡಾಗ ಮೊದಲಿನಂತೆಯೇ ಊಟ ಆಯಿತೇ ಎಂದು ಕೇಳುತ್ತಿದ್ದರು. ಬೀಳ್ಕೊಡುಗೆಯ ದಿನ ನಾನೇ ಮುಖ್ಯ ಭಾಷಣ ಮಾಡಿದೆ. ನನ್ನ ಉಚ್ಚಾರವನ್ನು ಎಲ್ಲರೂ ಮೆಚ್ಚಿದರು.

ನಿಜ ಗೊತ್ತಾದದ್ದು ಹೋದ ವರ್ಷ. ನೀಲಾ ಈಗ ಬೆಳಗಾವಿಯಲ್ಲೇ ಫಿಸಿಯೋಥೆರಪಿಸ್ಟ್. ಒಂದು ಭಾನುವಾರ ನಾನು ಅಕ್ಕನ ಜತೆ ಫೋನಿನಲ್ಲಿ ಮಾತಾಡುತ್ತಾ ಅದೇ ಹಳೆಯ ಮಾತು ಹೇಳಿದೆ, ಇವಳ ಸಲವಾಗಿ ಧಾರವಾಡ ಬಿಟ್ಟೆ ಎಂದು. ಫೋನ್ ಇಟ್ಟ ಮೇಲೆ ನೋಡಿದರೆ ನೀಲಾ ಒಣಗಿದ ಬಟ್ಟೆ ಮಡಚುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಒಂಬತ್ತನೇ ಕ್ಲಾಸಿನಾಗ ನನ್ನ ಪೇಪರ್ ಕಳೀತಲ್ಲ ಮಮ್ಮಿ, ಅದು ಕಳೆದಿರಲಿಲ್ಲ," ಎಂದಳು.

ಆಮೇಲೆ ನಿಧಾನವಾಗಿ, ರೋಗಿಗೆ ಕಾಯಿಲೆ ವಿವರಿಸುವ ಹಾಗೆ, ಎಲ್ಲವನ್ನೂ ಹೇಳಿದಳು. ಆ ಪರೀಕ್ಷೆಯಲ್ಲಿ ಐದು ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂಬ ಪ್ರಶ್ನೆ ಇತ್ತು. ಬರ್ಡನ್ ಎಂಬ ಪದಕ್ಕೆ ಅವಳು ಬರೆದ ವಾಕ್ಯ, ಇಂಗ್ಲಿಷಿನಲ್ಲಿ: ನಾನು ನನ್ನ ತಾಯಿಯ ಬರ್ಡನ್.

ಅಕ್ಕೋರು ಆ ವಾಕ್ಯಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟು, ಅವಳನ್ನು ಒಬ್ಬಳನ್ನೇ ಕರೆದರಂತೆ. ಯಾಕೆ ಹೀಗೆ ಬರೆದೆ ಎಂದು ಕೇಳಲಿಲ್ಲವಂತೆ. "ವಾಕ್ಯ ಬದಲಿ ಮಾಡಬ್ಯಾಡ. ಈ ಶಬ್ದಕ್ಕ ಇನ್ನೂ ಅರ್ಥ ಅದಾವ. ಎಲ್ಲಾ ಹೇಳ್ತೀನಿ, ನಿನಗ ಹೊಂದೂದನ್ನ ನೀನ ಆರಿಸಿಕೋ," ಎಂದರಂತೆ.

ಮೊದಲ ದಿನ ಪದದ ತವರುಮನೆ. ಬರ್ಡನ್ ಹುಟ್ಟಿದ್ದು 'ಬೇರ್' ಎಂಬ ಮನೆಯಲ್ಲಿ. ಹೊರುವುದಕ್ಕೂ ಬೇರ್, ಹೆರುವುದಕ್ಕೂ ಬೇರ್. ಹುಟ್ಟಿಗೆ ಅನ್ನುವ 'ಬರ್ತ್' ಕೂಡ ಅದೇ ಮನೆಯ ಮಗಳು. ನಮ್ಮಲ್ಲೂ ಹೊರುವುದಕ್ಕೂ ಹೆರುವುದಕ್ಕೂ ಎಷ್ಟು ಮಹಾ ಅಂತರ, ಹೊತ್ತು ಹೆತ್ತವಳು ಅನ್ನುವುದಿಲ್ಲವೇ ಎಂದು ಕೇಳಿದರಂತೆ. ಹುಡುಗಿಯರು ನಕ್ಕದ್ದು ಆಗಲೇ. ಎರಡನೆಯ ದಿನ ಹಡಗು. ಹಳೆಯ ಕಾಲದಲ್ಲಿ ಹಡಗಿನ ಬರ್ಡನ್ ಎಂದರೆ ಅದರ ಮೇಲೆ ಹೇರಿದ ಸಾಮಾನು ಮಾತ್ರವಲ್ಲ, ಅದು ಎಷ್ಟು ಹೊರಬಲ್ಲದು ಎಂಬ ತಾಕತ್ತಿನ ಅಳತೆಯೂ ಹೌದು. ಹಾಗಾದರೆ ಬರ್ಡನ್ ಯಾರದು, ಸಾಮಾನಿನದೋ ಹಡಗಿನದೋ ಎಂದು ವಾದ ಹಚ್ಚಿದರಂತೆ. ಮೂರನೆಯ ದಿನ ಹಾಡು. ಬರ್ಡನ್ ಎಂಬ ಪದಕ್ಕೆ ಫ್ರೆಂಚರ ಕಡೆಯಿಂದ ಬಂದ ಇನ್ನೊಂದು ಪದವೂ ಸೇರಿಕೊಂಡಿದೆ. ಅಲ್ಲಿ ಅದು ದುಂಬಿಯ ಗುಂಯ್ ಎನ್ನುವ ಧ್ವನಿ, ಹಾಡಿನ ಕೆಳಗೆ ಬಿಡದೆ ಹಿಡಿದ ಶ್ರುತಿ. ಅದರಿಂದ, ಹಾಡಿನಲ್ಲಿ ತಿರುಗಿ ತಿರುಗಿ ಬರುವ ಸಾಲಿಗೂ ಬರ್ಡನ್ ಎಂದೇ ಹೆಸರು. ಹುಡುಗಿಯರು ಸಾಲು ಕಟ್ಟಿ ಹಾಡಿ ಮುಗಿಸಿದ ಮೇಲೆ ಅಕ್ಕೋರು ಹೇಳಿದರಂತೆ, "ಆ ಸಾಲು ಇಲ್ಲಂದ್ರ ಹಾಡು ತಿರುಗಿ ಎಲ್ಲಿಗೆ ಬರಬೇಕು?"

"ನಾ ಅದನ್ನ ಆರಿಸಿಕೊಂಡ್ನಿ," ಎಂದಳು ನೀಲಾ. "ಆದ್ರ ನೀ ಫೋನಿನಾಗ ಹಂಗ ಅಂದಾಗೆಲ್ಲ ಮೊದಲಿಂದ ನೆನಪಾಗತೈತಿ."

ಆಮೇಲೆ ಬಟ್ಟೆ ಮಡಚಿ ಮುಗಿಸಿದಳು. ನನ್ನೊಳಗೆ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ. ಅದನ್ನು ಇಲ್ಲಿ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಮೊದಲು ಎದ್ದದ್ದು ಹೊಟ್ಟೆಕಿಚ್ಚೇ. ಆ ವಾಕ್ಯ ನನ್ನ ಬಗ್ಗೆ ಬರೆದದ್ದು, ಓದಲು ಕೊಟ್ಟದ್ದು ಅವರಿಗೆ. ಪಶ್ಚಾತ್ತಾಪ ಆಮೇಲೆ ಬಂತು. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಆ ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟಿದ್ದರೆ ಅವರು ಒಂದೇ ನಿಮಿಷದಲ್ಲಿ ಪಾರಾಗುತ್ತಿದ್ದರು; ಕೂತಲ್ಲೇ ಕುಸಿಯಬೇಕಾದವಳು ನಾನಾಗಿದ್ದೆ.

ಎರಡು ವಾರ ತಡೆದು, ಒಬ್ಬಳೇ ಖಾನಾಪುರಕ್ಕೆ ಹೋದೆ. ಎಷ್ಟೋ ವರ್ಷಗಳ ಮೇಲೆ ಆ ರೈಲು ಹತ್ತಿದ್ದು. ಅವರಿಗೆ ಆಗಲೇ ಹೃದಯದ ತೊಂದರೆ ಶುರುವಾಗಿತ್ತು. ಪಡಸಾಲೆಯ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಯಜಮಾನರು ಚಹಾ ತಂದಿಟ್ಟು ಹೊರಗೆ ಹೋದರು. ನಾನು ರೈಲಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ನನಗೆ ಎಲ್ಲ ಗೊತ್ತಾಗಿದೆ ಎಂದಷ್ಟೇ ಅಂದೆ.

"ನೀಲಾ ಹೇಳಿದಳೇನ್ರಿ? ಛಲೋ ಆತು," ಎಂದರು. "ಆ ಪೇಪರ್ ನಿಮ್ಮ ಕೈಗೆ ಸಿಗಬಾರದಂತ ನಾನ ಒಲಿಗೆ ಹಾಕಿದ್ನಿ. ನೀವು ಓದಿದ್ರ ಆ ಹುಡುಗಿಗೆ ಬೈತಿದ್ರಿ, ಇಲ್ಲಾಂದ್ರ ಅಳತಿದ್ರಿ. ಎರಡೂ ಅಕಿಗೆ ಭಾರ ಆಗತಿತ್ತು."

ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಅದಕ್ಕೇ ಬರೆದು ಕೊಟ್ಟೆ ಎಂದು ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದೆ. ಅವರು ನಕ್ಕರು, ನಗುವುದಕ್ಕೂ ಉಸಿರು ಸಾಲುತ್ತಿರಲಿಲ್ಲ.

"ನನಗೇನು ಕಡಿಮಿ ಇತ್ತೇನ್ರಿ? ನೀವು ಪದ್ಯ ಓದೂದನ್ನ ಕೇಳಾಕ ನಿಮ್ಮ ಬಾಗಲಾ ಹಿಂದ ನಿಂದರತಿದ್ದೆ. ನಿಮ್ಮಂಗ ಒಂದು ಸಾಲು ಓದಾಕ ಬರಲಿಲ್ಲ ನನಗ." ದಿಂಬಿಗೆ ಇನ್ನಷ್ಟು ಒರಗಿ ಮತ್ತೆ ಹೇಳಿದರು: "ಅದೂ ಇರಲಿ. ಆ ವಾಕ್ಯ ಓದಿದ ದಿನ ನನಗ ಭಾಳ ಸಂಕಟ ಆತು. ಮಕ್ಕಳು ಎಷ್ಟೊಂದು ಹೇಳತಾರ, ಎಷ್ಟೊಂದು ಕೇಳತಾರ. ಆದ್ರ ನಾ ಭಾರ ಆಗೇನಿ ಅಂತ ಮಕ್ಕಳ ಜೀವ ಸುಡೂದು ತಾಯಿ ಒಬ್ಬಾಕಿ ಸಲವಾಗಿ. ನನ್ನ ಬಗ್ಗೆ ಅಂಥಾದ್ದೊಂದು ಸಾಲು ಯಾರೂ ಬರೀಲಿಲ್ಲರಿ."

ಅವರಿಗೆ ಹೇಳಲು ನನ್ನ ಬಳಿ ಇನ್ನೂ ಒಂದು ಮಾತು ಇತ್ತು. ಯಾರಿಗೂ ಹೇಳದ ಮಾತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಯಜಮಾನರು ಮಾತ್ರೆ ಕೊಡಲು ಒಳಗೆ ಬಂದರು. ನಾನು ಎದ್ದು ಬಂದೆ.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಯಜಮಾನರ ಫೋನ್ ಬಂತು. ನಾನೂ ನೀಲಾಳೂ ಮಣ್ಣಿಗೆ ಹೋದೆವು. ನಮ್ಮ ಶಾಲೆಯ ಎಷ್ಟೋ ಹುಡುಗಿಯರು, ಈಗ ತಾಯಂದಿರಾದವರು, ಬಂದಿದ್ದರು. ಒಬ್ಬೊಬ್ಬರೂ ಅಕ್ಕೋರು ತನಗೆ ಹೇಳಿಕೊಟ್ಟ ಒಂದೊಂದು ಪದ ಹೇಳಿ ಅತ್ತರು. ನೀಲಾ ಅಳಲಿಲ್ಲ, ಅಕ್ಕೋರ ಕಾಲಿನ ಬಳಿ ಬಹಳ ಹೊತ್ತು ಕೂತಿದ್ದಳು. ನನ್ನ ಕಾಲಿನ ಬಳಿ ಅವಳು ಹಾಗೆ ಕೂತ ನೆನಪು ನನಗಿಲ್ಲ. ಅದೂ ಚುಚ್ಚಿತು. ಅಂಥ ದಿನವೂ ಚುಚ್ಚಿತಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು.

ತಿರುಗಿ ಬರುವಾಗ ಕಾರು ನೀಲಾ ನಡೆಸುತ್ತಿದ್ದಳು. ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ಭತ್ತದ ಗದ್ದೆ, ಮಧ್ಯಾಹ್ನದ ಬಿಸಿಲು. ಇನ್ನು ತಡೆದರೆ ಬೆಳಗಾವಿ ಬಂದುಬಿಡುತ್ತದೆ, ಮನೆಗೆ ಹೋದ ಮೇಲೆ ನನಗೆ ಧೈರ್ಯ ಇರುವುದಿಲ್ಲ ಎನಿಸಿತು. ಕಾರು ಬದಿಗೆ ನಿಲ್ಲಿಸು ಎಂದೆ. ವಾಂತಿ ಬರುತ್ತಿದೆಯೇನೋ ಎಂದು ಅವಳು ಗಾಬರಿಯಾಗಿ ನಿಲ್ಲಿಸಿದಳು.

"ನಿನ್ನ ಸಲವಾಗಿ ನಾ ಧಾರವಾಡ ಬಿಟ್ಟಿಲ್ಲ," ಎಂದೆ.

ಅವಳು ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡೇ ನನ್ನ ಕಡೆ ತಿರುಗಿದಳು.

ಆಮೇಲೆ ಹೇಳಿದೆ. ನನ್ನ ಸಂಶೋಧನೆಯ ಮೊದಲ ಅಧ್ಯಾಯವನ್ನು ನನ್ನ ಗೈಡ್ ಎರಡು ಸಲ ಹಿಂದಕ್ಕೆ ಕೊಟ್ಟಿದ್ದರು. ಭಾಷೆ ಚೆನ್ನಾಗಿದೆ, ಆದರೆ ಇದರಲ್ಲಿ ನಿಮ್ಮ ಸ್ವಂತದ್ದು ಏನೂ ಇಲ್ಲ ಎಂದಿದ್ದರು. ಮೂರನೆಯ ಸಲ ಬರೆಯಲು ಕೂತರೆ ಕೈ ನಡೆಯಲಿಲ್ಲ. ಧಾರವಾಡಕ್ಕೆ ಹೋಗುವುದನ್ನು ನಾನಾಗಿಯೇ ನಿಲ್ಲಿಸಿದೆ. ಅದಾಗಿ ನಾಲ್ಕು ತಿಂಗಳ ಮೇಲೆ ಅವಳು ನನ್ನ ಹೊಟ್ಟೆಯಲ್ಲಿ ಇದ್ದಾಳೆಂದು ಗೊತ್ತಾಯಿತು. ಅಷ್ಟು ಒಳ್ಳೆಯ ಕಾರಣ ತಾನಾಗಿಯೇ ಬಂದಿತ್ತು. ಅಪ್ಪನಿಗೆ, ಗಂಡನಿಗೆ, ಅಕ್ಕನಿಗೆ ಅದನ್ನೇ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನೂ ನಂಬಿದೆ. ಅಕ್ಕೋರ ಮೇಲೆ ನನಗೆ ಅಷ್ಟು ಉರಿ ಯಾಕೆಂದರೆ, ನನ್ನಲ್ಲಿ ಇಲ್ಲವೆಂದು ಗೈಡ್ ಹೇಳಿದ್ದೇನಿತ್ತೋ ಅದು ಎಮ್ಮೆ ಕಾಯುವವರ ಮನೆಯಿಂದ ಬಂದ ಆ ಹೆಂಗಸಿನಲ್ಲಿ ಧಾರಾಳವಾಗಿತ್ತು.

ನೀಲಾ ಮುಂದಿನ ಗಾಜಿನಾಚೆ ನೋಡಿದಳು. ಗೋವೆಯ ಕಡೆ ಹೋಗುವ ಲಾರಿಗಳು ಒಂದರ ಹಿಂದೆ ಒಂದು ದಾಟಿದವು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದೂ ಅಂದುಕೊಂಡೆ.

"ಅಕ್ಕೋರಿಗೆ ಇದು ಗೊತ್ತಿತ್ತೇನು?" ಎಂದು ಕೇಳಿದಳು.

"ಇಲ್ಲ. ಹೇಳಬೇಕಂತ ಹೋಗಿದ್ನಿ, ಹೇಳಲಿಲ್ಲ. ಯಾರಿಗೂ ಹೇಳಿಲ್ಲ. ನಿನಗ ಮೊದಲ."

"ನನಗ ಮೊದಲ," ಎಂದು ಅವಳು ಮೆಲ್ಲಗೆ ಅಂದಳು. ಆಗ ಅಳು ಬಂತು ಅವಳಿಗೆ. ಖಾನಾಪುರದಲ್ಲಿ ಬಾರದ ಅಳು.